ಮೂರನೇ ರೆಕಾರ್ಡಿನ ಸೇಡು

ಕಲ್ಪೆಟ್ಟದಲ್ಲಿ ಯಾವ ಸಭೆಯೇ ನಡೆಯಲಿ, ನೇಮಿಚಂದ್ರ ಗೌಡರು ಮಾತಿಗೆ ಎದ್ದರೆಂದರೆ ಮೈಕು ಕಿರುಚಿಕೊಳ್ಳುತ್ತಿತ್ತು. ಅವರಿಗಿಂತ ಮುಂಚೆ ಮಾತಾಡಿದವರ ಹತ್ತಿರ ಹಸುವಿನ ಹಾಗೆ ಸಾಧುವಾಗಿದ್ದ ಅದೇ ಮೈಕು, ಗೌಡರು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಕೀ ಎಂದು ಅರಚಿ ಮುಂದಿನ ಸಾಲಿನವರು ಕಿವಿ ಮುಚ್ಚಿಕೊಳ್ಳುವಂತೆ ಮಾಡುತ್ತಿತ್ತು. ಗೌಡರಿಗೂ ಮೈಕಿಗೂ ಆಗಿಬರುವುದಿಲ್ಲ ಎಂದು ಜನ ನಗುತ್ತಿದ್ದರು. ಆಗಿಬರದೆ ಇದ್ದದ್ದು ಮೈಕಿಗಲ್ಲ, ಮೈಕಿನ ಯಜಮಾನ ಚೆಲುವರಾಜುವಿಗೆ. ಆಂಪ್ಲಿಫೈಯರಿನ ಹಿಂದೆ ಕೂತು, ಮುಖದಲ್ಲಿ ಗಾಬರಿ ತೋರಿಸುತ್ತ, ಅವನೇ ಗುಂಡಿ ತಿರುಗಿಸಿ ಅದನ್ನು ಕಿರುಚಿಸುತ್ತಿದ್ದ.

ವಯನಾಡು ಹೊಸ ಜಿಲ್ಲೆಯಾದ ಮೇಲೆ ಚೆಲುವರಾಜುವಿಗೆ ಕೈತುಂಬ ಕೆಲಸ. ಇವತ್ತೊಂದು ಆಫೀಸಿನ ಉದ್ಘಾಟನೆ, ನಾಳೆ ಇನ್ನೊಂದರ ಶಂಕುಸ್ಥಾಪನೆ, ನಾಡಿದ್ದು ಯಾರೋ ಮಂತ್ರಿಗೆ ಸ್ವಾಗತ. ಮೈಕಿಲ್ಲದೆ ಸರ್ಕಾರಕ್ಕೆ ಒಂದು ರಿಬ್ಬನ್ ಕತ್ತರಿಸುವುದೂ ಸಾಧ್ಯವಿರಲಿಲ್ಲ. ತೋಲ್ಪೆಟ್ಟಿಯ ಕಾಡಂಚಿನಿಂದ ಬಂದ ಹುಡುಗ ಬಸ್‌ಸ್ಟ್ಯಾಂಡಿನ ಹತ್ತಿರ ಅಂಗಡಿ ಹಾಕಿ, ಸೆಕೆಂಡ್‌ಹ್ಯಾಂಡ್ ಜೀಪು ಕೊಂಡು, ಮೇಲೆ ಲೌಡ್‌ಸ್ಪೀಕರಿನ ಹಾರ್ನುಗಳನ್ನು ಕಟ್ಟಿಕೊಂಡು ಜಿಲ್ಲೆಯಿಡೀ ಓಡಾಡುತ್ತಿದ್ದ. ಎಷ್ಟು ಓಡಾಡಿದರೂ ಹೊಟ್ಟೆಯೊಳಗಿನ ಉರಿ ಮಾತ್ರ ಆರಿರಲಿಲ್ಲ.

ಆ ಉರಿಗೆ ಕಾರಣ ಒಂದು ಹಾಡಿನ ತಟ್ಟೆ. ದಿವಾಕರನ್ ಎಂಬ ರಾಕ್ ಗಿಟಾರ್‌ವಾದಕ ಇದೇ ಕಲ್ಪೆಟ್ಟದವನು. ಚಿಕ್ಕವನಿದ್ದಾಗಲೇ ಓಡಿಹೋಗಿ ಬೆಂಗಳೂರಿನ ಹೋಟೆಲುಗಳಲ್ಲಿ, ಕೋಳಿಕ್ಕೋಡಿನ ಸಭಾಂಗಣಗಳಲ್ಲಿ ಕರೆಂಟಿನ ಗಿಟಾರು ಬಾರಿಸಿ ಹೆಸರು ಮಾಡಿದವನು. ಭುಜದವರೆಗೆ ಕೂದಲು, ಬೆಲ್‌ಬಾಟಂ ಪ್ಯಾಂಟು, ಬೆರಳಲ್ಲಿ ಸಿಡಿಲು. ಅವನ ಮೊದಲಿನ ಎರಡು ರೆಕಾರ್ಡುಗಳನ್ನು ಹುಡುಗರು ಬಾಯಿಪಾಠ ಮಾಡಿದ್ದರು. ವಯಸ್ಸಾಗುತ್ತ ಬಂದಾಗ ಅವನಿಗೆ ಏನನ್ನಿಸಿತೋ, ಊರ ಕಡೆ ಬಂದು, ತೋಲ್ಪೆಟ್ಟಿಯ ಗದ್ದೆಯ ಬದಿಯಲ್ಲಿ ಟೇಪು ಇಟ್ಟುಕೊಂಡು 'ವಯಲ್' ಎಂಬ ಮೂರನೆಯದನ್ನು ಮಾಡಿದ. ವಯಲ್ ಎಂದರೆ ಗದ್ದೆ. ಅದರಲ್ಲಿ ಡ್ರಮ್ಮಿಲ್ಲ, ಅಬ್ಬರವಿಲ್ಲ. ನಡುವೆ ಎಲ್ಲೋ ಜೀಪೊಂದು ಹಾದುಹೋಗುವ ಸದ್ದೂ ಇದೆ. ಕೊನೆಯ ಹಾಡಿನಲ್ಲಿ ಗಿಟಾರು ಹಿಂದೆ ಸರಿದು, ನಾಟಿ ಮಾಡುವ ಹೆಂಗಸೊಬ್ಬಳು ಕನ್ನಡದಲ್ಲಿ ಹಾಡುತ್ತಾಳೆ. ಆ ಹೆಂಗಸು ಮಾದಮ್ಮ, ಚೆಲುವರಾಜುವಿನ ತಾಯಿ. ರೆಕಾರ್ಡಿನ ಹೊದಿಕೆಯ ಮೇಲೆ ಅವಳ ಹೆಸರೂ ಇರಲಿಲ್ಲ.

ರೆಕಾರ್ಡು ಬಂದದ್ದೇ ತಡ, ಅಭಿಮಾನಿಗಳು ಎರಡು ಪಂಗಡವಾದರು. ಎರಡು ಎನ್ನುವುದೂ ಹೆಚ್ಚೇ. ಒಂದು ಕಡೆ ಪನಮರಂನ ಕಾಫಿ ತೋಟದ ನೇಮಿಚಂದ್ರ ಗೌಡರು ಮತ್ತು ಅವರ ಮನೆಯಲ್ಲಿ ಭಾನುವಾರ ಭಾನುವಾರ ಸೇರಿ ಹಾಡು ಕೇಳುವ ದಂಡು. ಇನ್ನೊಂದು ಕಡೆ ಪೋಸ್ಟ್‌ಮಾಸ್ಟರ್ ಅಚ್ಯುತನ್ ಒಬ್ಬರೇ. 'ಇದರಲ್ಲಿ ದಿವಾಕರನ್ ಎಲ್ಲಿದ್ದಾನೆ? ಅರ್ಧ ಹೊತ್ತು ಗಿಟಾರು ಬಾರಿಸದೆ ಸುಮ್ಮನಿದ್ದಾನೆ' ಎಂದು ದಂಡು ಅರಚಿದರೆ, 'ಸುಮ್ಮನಿರುವುದಕ್ಕೂ ಕೈ ಪಳಗಿರಬೇಕು' ಎಂದು ಅಚ್ಯುತನ್ ಮೇಜು ಗುದ್ದುತ್ತಿದ್ದರು. ಈ ಜಗಳದಲ್ಲಿ ಎರಡು ಮದುವೆ ಸಂಬಂಧ ಮುರಿದುಬಿದ್ದವು ಎನ್ನುತ್ತಾರೆ; ಒಂದಂತೂ ನಿಜ. ದಂಡಿನವರು ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಮಾತ್ರ ಒಂದೇ ಕಡೆ: ಗದ್ದೆ ಹೆಂಗಸನ್ನು ಕರೆದು ಹಾಡಿಸಿದ್ದೇ ಕೆಟ್ಟದ್ದಾಯಿತು.

ಇವರಿಗೆ ಹಾಡು ಕೇಳುವುದಕ್ಕಿಂತ ತೀರ್ಪು ಕೊಡುವುದರಲ್ಲೇ ಹೆಚ್ಚು ಖುಷಿ. ಕಿವಿ ಇದ್ದವರೆಲ್ಲ ಜಡ್ಜುಗಳು.

ರೆಕಾರ್ಡು ಬಂದ ಹೊಸದರಲ್ಲಿ ದಿವಾಕರನ್ ಹೇಳಿಕಳಿಸಿದ್ದನೆಂದು ಮಾದಮ್ಮ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಬಸ್ಸು ಹಿಡಿದು, ಗೌಡರ ಮನೆಗೆ ತನ್ನ ಹಾಡು ಕೇಳಲು ಹೋಗಿದ್ದಳು. ಸಂಜೆ ಹಿಂದಿರುಗಿದವಳ ಬಾಡಿದ ಮುಖ ನೋಡಿ ಚೆಲುವರಾಜು ಎದುರು ಹೋಗಿದ್ದ.

"ಏನಾಯ್ತವ್ವಾ? ಹಾಡು ಹಾಕ್ನಿಲ್ವಾ?"

"ಹಾಕುದ್ರು ಮಗಾ. ಸಾರವಿಲ್ಲ ಅಂದ್ಬುಟ್ರು ಗೌಡ್ರು. ಅಷ್ಟು ಜನದ ಮುಂದೆ, ಮಕಕ್ಕೇ ಅಂದ್ಬುಟ್ರು."

ಅಷ್ಟೇ. ಅವತ್ತು ಸೀರೆ ಮಡಿಸಿಟ್ಟವಳು ಮತ್ತೆ ಬಾಯಿ ತೆರೆದು ಹಾಡಲಿಲ್ಲ. ಹಿಂದೆ ಮಾದಮ್ಮ ಗದ್ದೆಗೆ ಇಳಿದರೆ ಆಚೆ ಬದುವಿನವರು ಕೈ ಕೆಲಸ ಬಿಟ್ಟು ಕೇಳುತ್ತಿದ್ದರು. ಈಗ ನಾಟಿಯ ಹೊತ್ತಿಗೆ ಹೆಂಗಸರು 'ಒಂದೆಳೆ ಎತ್ಕೊಡಕ್ಕಾ' ಎಂದು ಅಂಗಲಾಚಿದರೂ ಬಗ್ಗಿದ ತಲೆ ಎತ್ತುತ್ತಿರಲಿಲ್ಲ. ತಮ್ಮನ ಮಗಳ ಮದುವೆಯಲ್ಲಿ ಶಾಸ್ತ್ರಕ್ಕೂ ಹಾಡಲಿಲ್ಲ. ನಾದಿನಿ ಮುನಿಸಿಕೊಂಡಳು, ಅದಕ್ಕೂ ಮಿಸುಕಲಿಲ್ಲ. ಹಾಡುವ ತಾಯಿಯನ್ನು ಕಂಡು ಬೆಳೆದವನಿಗೆ ಆ ಸದ್ದಿಲ್ಲದ ಮನೆಯಲ್ಲಿ ಕೂರಲಾಗುತ್ತಿರಲಿಲ್ಲ. ಗೌಡರ ಹೆಸರು ಕಿವಿಗೆ ಬಿದ್ದರೆ ಹಲ್ಲು ಕಡಿಯುತ್ತಿದ್ದ. ಮೈಕು ಕಿರುಚಿಸುವುದು ಸಣ್ಣ ಚೇಷ್ಟೆ, ಬಾಯಿ ಚಪ್ಪರಿಸಲು ಸಾಕು, ಹೊಟ್ಟೆಗೆ ಸಾಲದು. ಅವನಿಗೆ ಬೇಕಾದದ್ದು ಬೇರೆ. ಅವ್ವನ ಬಾಯಿ ಮುಚ್ಚಿಸಿದ ಮನುಷ್ಯ ಜನರ ಮುಂದೆ ಬಾಯಿ ಬಿಡಲಾರದೆ ನಿಲ್ಲಬೇಕು. ಅವ್ವ ಅದನ್ನು ಕಣ್ಣಾರೆ ನೋಡಬೇಕು.

ಅಂಥ ದಿನ ತಾನಾಗಿ ಬಂತು. ಜಿಲ್ಲೆಯ ಹುಟ್ಟುಹಬ್ಬಕ್ಕೆ ದಿವಾಕರನ್‌ಗೆ ಊರ ಸನ್ಮಾನ ಮಾಡಿ, ಅವನ ಕೈಯಲ್ಲಿ ಗಿಟಾರು ಬಾರಿಸಿಸುವುದೆಂದು ಕೆಲವರು ಸೇರಿ ಸಮಿತಿ ಮಾಡಿದರು. ಅಧ್ಯಕ್ಷರು ನೇಮಿಚಂದ್ರ ಗೌಡರು, ಇನ್ಯಾರು? ಮೈಕಿನ ಮಾತಾಡಲು ಅವರೇ ಅಂಗಡಿಗೆ ಬಂದರು. ಎತ್ತರದ ಆಳು, ಬಿಳಿ ಮುಂಡುಪಂಚೆ, ಕಂಕುಳಲ್ಲಿ ಕೊಡೆ. ಮನೆಮಾತು ಕನ್ನಡವೇ ಆದರೂ ತಲೆತಲಾಂತರದಿಂದ ಇಲ್ಲೇ ಇದ್ದವರ ಕನ್ನಡ, ನಡುನಡುವೆ ಮಲಯಾಳ ಕೇಳದೆ ಬಂದು ಕೂರುತ್ತದೆ.

"ಚೆಲುವಾ, ಮದ್ಯಾಹ್ನನೇ ಶುರು ಮಾಡೋದು. ತೋಲ್ಪೆಟ್ಟಿ ಕಡೇರು ಆನೆ ಇಳಿಯೋ ಮುಂಚೆ ಮನೆ ಸೇರ್ಬೇಕಲ್ಲ. ಕೇಳ್ತಾ? ಮೂರನೇ ರೆಕಾರ್ಡಿಂದು ಒಂದೂ ಬೇಡ ಅಂತ ಸಮಿತೀಲಿ ತೀರ್ಮಾನ ಆಗಿದೆ. ಹಳೇ ಎರಡರದ್ದು ಮಾತ್ರ ಮತಿ."

ಮತಿ ಎಂದರೆ ಸಾಕು. ಚೆಲುವರಾಜು ವೈರು ಸುತ್ತುತ್ತ, "ಆಗಲಿ ಗೌಡ್ರೇ" ಎಂದ. ಅವರು ರಸ್ತೆ ದಾಟುವವರೆಗೂ ಅವರ ಬೆನ್ನನ್ನೇ ನೋಡುತ್ತಿದ್ದ.

ಅವತ್ತೇ ಅವನ ತಲೆಯಲ್ಲಿ ಉಪಾಯ ಕೂತಿತು. ಗೌಡರಿಗೆ ಒಂದು ಚಟ. ವೇದಿಕೆಯ ಮೇಲೆ ತಾವು ಹೊಗಳುವವರನ್ನೇ ಪರದೆಯ ಹಿಂದೆ ಹರಿದು ಹಾಕುತ್ತಾರೆ. ಆ ಮೂರನೇ ರೆಕಾರ್ಡಿನ ಮಾತು ಎತ್ತಿದರಂತೂ ಬಾಯಿಗೆ ಬೀಗವಿಲ್ಲ. ಪರದೆ ಏಳುವ ಮುಂಚೆ ಅವರ ಎದುರಿಗೆ ಮೈಕಿಟ್ಟು, ಸುಮ್ಮನೆ ಕೆದಕಿ, ಗುಂಡಿ ಹಾಕಿಬಿಟ್ಟರೆ? ಮೈದಾನದಲ್ಲಿ ದಿವಾಕರನ್ ಕೂತಿರುತ್ತಾನೆ, ಅಚ್ಯುತನ್ ಇರುತ್ತಾರೆ, ಇಡೀ ಜಿಲ್ಲೆ ಇರುತ್ತದೆ. ಹೆಂಗಸರ ಕಡೆಯಲ್ಲಿ ಅವ್ವನೂ ಇರಬೇಕು.

ಮಾದಮ್ಮ ಬರುವುದಿಲ್ಲವೆಂದಳು. ದಿವಾಕರನ್ ನೋಡಬೇಕಂತೆ ಎಂದು ಪುಸಲಾಯಿಸಿ ಅವನೇ ಜೀಪಿನಲ್ಲಿ ಕರೆತಂದು, ಎದುರಿಗೇ ಕಾಣುವ ಕಡೆ ಬೆಂಚಿನ ಮೇಲೆ ಕೂರಿಸಿದ. ಅವಳು ಎಲೆಅಡಿಕೆ ಚೀಲ ತೊಡೆಯ ಮೇಲಿಟ್ಟುಕೊಂಡು, ಯಾರದೋ ಮನೆಗೆ ಕರೆಯದೆ ಬಂದವಳಂತೆ ಕೂತಳು.

ಮೈದಾನ ತುಂಬಿತು. ಮುಂದಿನ ಸಾಲಿನಲ್ಲಿ ದಿವಾಕರನ್. ಕೂದಲು ಈಗಲೂ ಭುಜದವರೆಗಿತ್ತು, ಆದರೆ ಹತ್ತಿಯ ಹಾಗೆ ಬೆಳ್ಳಗಾಗಿತ್ತು. ವೇದಿಕೆಯ ಹಿಂದೆ ಜನರೇಟರು ಗುಡುಗುಡು ಎನ್ನುತ್ತಿತ್ತು. ಚೆಲುವರಾಜು ಬೇಕೆಂದೇ ಅದನ್ನು ಅಷ್ಟು ಹತ್ತಿರ ಇಡಿಸಿದ್ದ. ಅದರ ಸದ್ದಿನಲ್ಲಿ ಪರದೆಯ ಹಿಂದಿದ್ದವರಿಗೆ ಮೈದಾನದ ಹಾರ್ನು ಕೇಳುವುದಿಲ್ಲ. ಮಾತಾಡುವವರು ಗಟ್ಟಿಯಾಗಿಯೇ ಮಾತಾಡಬೇಕಾಗುತ್ತದೆ.

ಈ ಸೀಮೆಯಲ್ಲಿ ಯಾವ ಭಾಷೆಯಲ್ಲಿ ಕೇಳಿದರೆ ಆ ಭಾಷೆಯಲ್ಲೇ ಉತ್ತರ ಬರುತ್ತದೆ, ಅದು ರೂಢಿ. ಮೈದಾನದವರಿಗೆಲ್ಲ ಅರ್ಥವಾಗಬೇಕಲ್ಲ, ಚೆಲುವರಾಜು ಮಲಯಾಳದಲ್ಲೇ ಶುರುಮಾಡಿದ. ಮೈಕನ್ನು ಗೌಡರ ಕುರ್ಚಿಯ ಮುಂದೆ ಎಳೆದು, ವೈರು ಸರಿಮಾಡುವವನಂತೆ ಬಗ್ಗಿ, ಎಡಗೈಯಿಂದ ಗುಂಡಿ ಮೇಲಕ್ಕೆ ಹಾಕಿ, ಆ ಮೂರನೇ ರೆಕಾರ್ಡನ್ನು ಯಾಕೆ ಬೇಡವೆಂದಿರಿ, ಪಾಪ, ಮುದುಕ ಬೇಜಾರು ಮಾಡಿಕೊಳ್ಳುವುದಿಲ್ಲವೇ ಎಂದು ಕೇಳಿದ.

ಗೌಡರು ಹಸಿದವನ ಮುಂದೆ ಎಲೆ ಹಾಕಿದಂತೆ ಮಾತಿಗೆ ಬಿದ್ದರು. ಅದೂ ಒಂದು ರೆಕಾರ್ಡೇ, ಬರೀ ವೇಸ್ಟ್, ಎಂದರು ಮಲಯಾಳದಲ್ಲಿ. ದಿವಾಕರನ್ ಕೆಲಸ ಎಂದೋ ಮುಗಿದಿದೆ, ಬೆರಳಲ್ಲಿ ಏನೂ ಉಳಿದಿಲ್ಲ, ನಾವು ಇವತ್ತು ಶಾಲು ಹೊದಿಸುತ್ತಿರುವುದು ಹಳೆಯ ಹೆಸರಿಗೇ ಹೊರತು ಈ ಮನುಷ್ಯನಿಗಲ್ಲ ಎಂದರು. ಒಂದೊಂದು ಮಾತೂ ಮೈದಾನದ ಮೂಲೆಮೂಲೆಗೆ ಹೋಯಿತು. ಪರದೆಯ ಸಂದಿಯಿಂದ ಚೆಲುವರಾಜು ನೋಡಿದ. ಜನ ಎದ್ದು ನಿಲ್ಲುತ್ತಿದ್ದರು. ದಿವಾಕರನ್ ಮಾತ್ರ ಕೂತಲ್ಲೇ ಕಲ್ಲಾಗಿದ್ದ. ಅಚ್ಯುತನ್ ಕುರ್ಚಿ ಹತ್ತಿ ಎರಡೂ ಕೈ ಎತ್ತಿ ಏನೋ ಕೂಗುತ್ತಿದ್ದರು. ಅವ್ವನ ತಲೆ ನೆಟ್ಟಗೆ ಎದ್ದಿತ್ತು. ಸಾಕು, ಇಷ್ಟು ಸಾಕು ಎಂದುಕೊಂಡು ಅವನು ಗುಂಡಿ ಕೆಳಕ್ಕೆ ಒತ್ತಿ ಮೈಕು ಆರಿಸಿದ.

ಗೌಡರಿಗೆ ಏನೂ ಗೊತ್ತಾಗಲಿಲ್ಲ. ಅವರ ಮಾತಿನ್ನೂ ಮುಗಿದಿರಲಿಲ್ಲ. ಮುಂದಿನದನ್ನು ಹೇಳುವಾಗ, ಚೆಲುವರಾಜುವಿನ ಮನೆಯ ಮಾತಾದ್ದರಿಂದಲೋ ಏನೋ, ಕನ್ನಡಕ್ಕೆ ತಿರುಗಿದರು.

"ಆದ್ರೆ ಚೆಲುವಾ, ನಿಮ್ಮವ್ವನ ಪಾಟ್ಟು ಇದೆಯಲ್ಲ, ಆ ಹಾಡನ್ನ ನಾನು ಆ ರೆಕಾರ್ಡಿನ ಲೆಕ್ಕಕ್ಕೇ ಸೇರ್ಸಲ್ಲ. ದಿನಾ ಬೆಳಿಗ್ಗೆ ಅದೊಂದನ್ನೇ ಹಾಕೋದು. ಸೂಜಿ ಓಡಿ ಓಡಿ ಅಷ್ಟು ಜಾಗ ಮಾತ್ರ ಸವೆದೋಗಿದೆ. ಅಂಥ ಗಂಟಲಿನ ಹಿಂದೆ ಓಡೋಕೆ ದಿವಾಕರನ್ ಕೈಲಿ ಆಗ್ಲಿಲ್ಲ, ಅದೇ ನನ್ನ ಕೋಪ. ನಮ್ಮ ದಂಡಿಗೆ ಅದು ಅರ್ಥ ಆಗಲ್ಲ ಬಿಡು."

ಚೆಲುವರಾಜುವಿನ ಕೈ ಗುಂಡಿಯ ಮೇಲೇ ಇತ್ತು.

"ಅವತ್ತೊಂದಿನ ಮನೆಗೆ ಬಂದಿದ್ರು, ಗೊತ್ತಲ್ಲ. ಹಾಡು ಮುಗಿದ ಮೇಲೆ, ಕೊನೇಲಿ ಕೆಮ್ಮು ಬಂದ್ಬುಡ್ತು, ತಪ್ಪಾಯ್ತು ಗೌಡ್ರೇ ಅಂದ್ರು. ನಾನು, ಸಾರಮಿಲ್ಲ, ಅಂದೆ. ಕಾಪಿ ಕೊಟ್ಟು ಇನ್ನೊಂದ್ಸಲ ಹಾಕಿ ಕೇಳೋಣ ಅಂತ ಒಳಗೆ ಹೋಗಿ ಬರೋಷ್ಟ್ರಲ್ಲಿ ಎದ್ದು ಹೊರಟೋಗಿದ್ರು. ಯಾಕೆ ಅಂತ ಇವತ್ತಿಗೂ ತಿಳೀಲಿಲ್ಲ ನಂಗೆ."

ಸಾರಮಿಲ್ಲ. ಮಲಯಾಳದಲ್ಲಿ ಹಾಗೆಂದರೆ 'ಪರವಾಗಿಲ್ಲ ಬಿಡಿ, ಅದೇನು ದೊಡ್ಡದು' ಎಂದರ್ಥ. ಬಸ್ಸಿನಲ್ಲಿ ಕಾಲು ತುಳಿದವರಿಗೆ ಹೇಳುವ ಮಾತು. ಚೆಲುವರಾಜು ಗಿರಾಕಿಗಳಿಗೆ ದಿನವೂ ಆಡುವ ಮಾತು. ಕಾಡಿನಾಚೆಯ ಕನ್ನಡನಾಡಿನ ಕೋಟೆ ಸೀಮೆಯಿಂದ ಮದುವೆಯಾಗಿ ಬಂದು ಗದ್ದೆ ಮನೆ ಬಿಟ್ಟು ಬೇರೆ ಕಾಣದಿದ್ದ ಮಾದಮ್ಮನಿಗೆ ಆಗ ಮಲಯಾಳ ಅಷ್ಟಕ್ಕಷ್ಟೆ. ಕನ್ನಡ ಆಡುತ್ತಿದ್ದ ಬಾಯಿಂದ ಬಂದದ್ದನ್ನು ಅವಳು ಕನ್ನಡವೆಂದೇ ಕೇಳಿಸಿಕೊಂಡಳು. ಮಗನಿಗೆ ಹೇಳುವಾಗ ತನ್ನ ನಾಲಿಗೆಗೆ ಹೊಂದುವಂತೆ 'ಸಾರವಿಲ್ಲ' ಎಂದಳು. ಗೌಡರು ಅಂದದ್ದನ್ನು ಅವಳು ಹಾಗೇ ಹೇಳಿದ್ದರೆ ಮಗನಿಗೆ ಆ ಕ್ಷಣವೇ ತಿಳಿಯುತ್ತಿತ್ತು. ಆಮೇಲೆ ಅವಳು ಮಲಯಾಳ ಕಲಿತಳು, ಆದರೆ ಎದೆಗೆ ನಾಟಿದ ಮಾತನ್ನು ಮತ್ತೆ ಹೊರತೆಗೆದು ಯಾವ ಭಾಷೆಯದೆಂದು ಯಾರು ನೋಡುತ್ತಾರೆ?

ಗುಂಡಿ ಮೇಲಕ್ಕೆ ಹಾಕಿ, 'ಇನ್ನೊಂದು ಸಲ ಹೇಳಿ ಗೌಡ್ರೇ' ಎಂದಿದ್ದರೆ ಮುಗಿದುಹೋಗುತ್ತಿತ್ತು. ಚೆಲುವರಾಜುವಿಗೆ ಅದು ಹೊಳೆಯದೆ ಇರಲಿಲ್ಲ. ಆದರೆ ಇಷ್ಟು ವರ್ಷ ಸಾಕಿದ ಸಿಟ್ಟು ಈಗ ತಾನೇ ಹೊಟ್ಟೆತುಂಬ ಉಂಡು ಎದ್ದಿತ್ತು. ಅದನ್ನು ಕರೆದು, ನೀನು ಉಂಡದ್ದು ಬೇರೆಯವರ ಊಟ ಎಂದು ಹೇಳುವುದು ಹೇಗೆ? ಅವನು ಬಾಯಿ ಬಿಡಬೇಕು ಎನ್ನುವಷ್ಟರಲ್ಲಿ ಪರದೆಯನ್ನು ಕಿತ್ತು ಸರಿಸಿ ಅಚ್ಯುತನ್ ಒಳಗೆ ನುಗ್ಗಿದರು. ಹಿಂದೆಯೇ ಗೌಡರ ದಂಡು, ಹಿಡಿಯಲೋ ಹೊಡೆಯಲೋ ತಿಳಿಯದೆ.

"ನಿನ್ನ ಮಾತೆಲ್ಲ ಮೈದಾನಕ್ಕೆ ಕೇಳಿಸಿತು ಕಣಯ್ಯಾ!" ಎಂದು ಅಚ್ಯುತನ್ ಮಲಯಾಳದಲ್ಲಿ ಗರ್ಜಿಸಿದರು.

ಗೌಡರ ಮುಖ ಸುಣ್ಣದ ಗೋಡೆಯಾಯಿತು. ಮೈಕು ನೋಡಿದರು, ಚೆಲುವರಾಜುವನ್ನು ನೋಡಿದರು.

"ಎಲ್ಲಾ ಕೇಳಿಸ್ತಾ?"

"ಎಲ್ಲಾ ಕೇಳಿಸ್ತು ಗೌಡ್ರೇ" ಎಂದ ಚೆಲುವರಾಜು. ಮಾತು ತಾನಾಗಿ ಬಂದುಬಿಟ್ಟಿತು.

ಗೌಡರು ನಿಧಾನವಾಗಿ ಕುರ್ಚಿಯಲ್ಲಿ ಕುಸಿದರು. ಬೈಯಲಿಲ್ಲ. ಹೆಗಲ ಮೇಲಿನ ತೋರ್ತು ವಸ್ತ್ರದಿಂದ ಮುಖ ಒರೆಸಿಕೊಂಡು, "ಹಂಗಾದ್ರೆ ನಿಮ್ಮವ್ವಂಗೂ ಕೇಳಿಸಿರ್ತದೆ" ಎಂದರು. "ಅವರ ಹಾಡಿನ ಬಗ್ಗೆ ಅಂದದ್ದು ಅವರ ಕಿವಿಗೆ ಬಿತ್ತಲ್ಲ, ಅದೊಂದು ಒಳ್ಳೇದಾಯ್ತು. ಹೋಗ್ಲಿ ಬಿಡು."

ಅಷ್ಟರಲ್ಲಿ ದಿವಾಕರನ್ ವೇದಿಕೆ ಹತ್ತಿದ್ದ. ಶಾಲು ತಂದವನನ್ನು ಪಕ್ಕಕ್ಕೆ ತಳ್ಳಿ, ಗಿಟಾರಿನ ಪಟ್ಟಿ ಹೆಗಲಿಗೇರಿಸಿ, ಇವತ್ತು ಮೂರನೇ ರೆಕಾರ್ಡು ಬಿಟ್ಟು ಬೇರೊಂದು ಸ್ವರ ಬಾರಿಸುವುದಿಲ್ಲ, ಇಷ್ಟವಿಲ್ಲದವರು ಎದ್ದು ಹೋಗಬಹುದು ಎಂದ. ಕೆಲವರು ಎದ್ದು ಹೊರಟರು, ಅವರನ್ನು ಅಚ್ಯುತನ್ ಹೆಸರು ಹಿಡಿದು ಹೀಗಳೆದರು. ದಿವಾಕರನ್ ಹೆಂಗಸರ ಕಡೆ ತಿರುಗಿ, "ಮಾದಮ್ಮ ಬಂದಿದ್ದಾರಾ?" ಎಂದು ಕನ್ನಡದಲ್ಲೇ ಕೂಗಿದ.

ಬರಲಾರಳು ಎಂದುಕೊಂಡ ಚೆಲುವರಾಜು. ಮಾದಮ್ಮ ಎದ್ದಳು. ಎಲೆಅಡಿಕೆ ಚೀಲ ಪಕ್ಕದವಳ ಕೈಗೆ ಕೊಟ್ಟಳು, ಸೆರಗು ಸೊಂಟಕ್ಕೆ ಬಿಗಿದಳು, ಗದ್ದೆಗೆ ಇಳಿಯುವವಳಂತೆ ಮೆಟ್ಟಿಲು ಹತ್ತಿ ಬಂದಳು. ಮೈಕಿನ ಮುಂದೆ ನಿಂತು ಜನರ ಕಡೆ ಕಣ್ಣೂ ಹಾಯಿಸದೆ, ಪರದೆಯ ಮಗ್ಗುಲಲ್ಲಿ ಕೂತಿದ್ದ ಗೌಡರನ್ನೇ ದಿಟ್ಟಿಸಿ ನೋಡಿ ಹಾಡು ಎತ್ತಿಕೊಂಡಳು.

ಆ ಗಂಟಲಿಗೆ ಏನೂ ಆಗಿರಲಿಲ್ಲ. ಇನ್ನೂ ಗಟ್ಟಿಯಾಗಿತ್ತು. ಮೊದಲು ಅವಳ ಹಾಡಿನಲ್ಲಿ ಇರದಿದ್ದ ಒಂದು ಹರಿತ ಈಗ ಇತ್ತು. ಒಂದೊಂದು ಸಾಲನ್ನೂ ಆ ಮನುಷ್ಯನ ಮುಖಕ್ಕೆ ಎಸೆದ ಹಾಗೆ ಹಾಡಿದಳು. ದಿವಾಕರನ್ ಒಂದೆರಡು ಕಡೆ ಜೊತೆ ಹಿಡಿಯಲು ನೋಡಿ, ಸೋತು, ಬೆರಳು ನಿಲ್ಲಿಸಿ ಅವಳನ್ನೇ ನೋಡುತ್ತ ನಿಂತ. ಎದ್ದು ಹೊರಟಿದ್ದವರು ಗೇಟಿನ ಹತ್ತಿರ ನಿಂತುಬಿಟ್ಟರು. ಗೌಡರು ಕಣ್ಣು ಮುಚ್ಚಿಕೊಂಡು, ತೊಡೆಯ ಮೇಲೆ ಎರಡು ಬೆರಳಿನಿಂದ ಮೆಲ್ಲಗೆ ತಾಳ ಹಾಕುತ್ತಿದ್ದರು. ಮಾನ ಮೂರುಕಾಸಿಗೆ ಹೋದ ದಿನ ಅವರ ಮುಖದಲ್ಲಿ ಅಂಥ ನೆಮ್ಮದಿಯನ್ನು ಚೆಲುವರಾಜುವಿಗೆ ನೋಡಲಾಗಲಿಲ್ಲ. ಅವನು ತಲೆ ಬಗ್ಗಿಸಿ ಆಂಪ್ಲಿಫೈಯರಿನ ಸೂಜಿಯನ್ನೇ ನೋಡುತ್ತ ಕೂತ. ಅವತ್ತು ಮೈಕು ಒಮ್ಮೆಯೂ ಕಿರುಚಲಿಲ್ಲ.

ಇಳಿಬಿಸಿಲಿನಲ್ಲಿ ಜೀಪು ತೋಲ್ಪೆಟ್ಟಿಯ ದಾರಿ ಹಿಡಿಯಿತು. ಮಾದಮ್ಮ ಬಾಯಿತುಂಬ ಎಲೆ ಹಾಕಿಕೊಂಡಿದ್ದಳು. ಇಷ್ಟು ವರ್ಷದಲ್ಲಿ ಅವಳು ಇಷ್ಟು ಮಾತಾಡಿದ್ದನ್ನು ಅವನು ಕೇಳಿರಲಿಲ್ಲ.

"ನೋಡುದ್ಯಾ ಅವನ ಮಕವಾ? ನಾಚ್ಕೇಲಿ ಕಣ್ಣು ಬುಡಕ್ಕಾಗ್ನಿಲ್ಲ ಅವನ್ಗೆ. ಸಾರವಿಲ್ವಂತೆ! ಹಾಡೋಗಂಟ ಅವನ್ ಮಕವೇ ನೋಡ್ದೆ ಮಗಾ. ಆ ಸಿಟ್ಟೇ ಕಣ್ಲಾ ನನ್ನ ಬಾಯಿ ಬುಡುಸ್ದುದ್ದು."

"ಹೂಂ ಕಣವ್ವಾ."

"ಆಮೇಲೆ ನಿನ್ ತಾವ ಬಂದು ಏನೋ ಅಂತಿದ್ನಲ್ಲ, ಏನಂತೆ?"

ಹೊರಡುವ ಹೊತ್ತಿಗೆ ಗೌಡರು ಜೀಪಿನ ಹತ್ತಿರ ಬಂದು, ಕೆಮ್ಮಿಲ್ಲದೆ ಹಾಡಿದ್ರಲ್ಲ ಇವತ್ತು, ಒಂದಿನ ಮನೆಗೆ ಕರ್ಕೊಂಡು ಬಾ, ಅವತ್ತಿನ ಕಾಪಿ ಬಾಕಿ ಉಂಟು ಎಂದಿದ್ದರು. ಚೆಲುವರಾಜು ಗೇರು ಬದಲಿಸಿದ. ಅವ್ವನ ಸಿಟ್ಟು ತೆಗೆದರೆ ಹಾಡು ಉಳಿಯುತ್ತದೆಯೋ, ಅದರ ಜೊತೆಗೇ ಹೊರಟುಹೋಗುತ್ತದೆಯೋ ಅವನಿಗೆ ಗೊತ್ತಿರಲಿಲ್ಲ. ತೆಗೆದು ನೋಡುವ ಧೈರ್ಯ ಬರಲಿಲ್ಲ.

"ಏನಿಲ್ಲ ಬುಡವ್ವಾ. ಮೈಕು ಸರಿಯಿರ್ನಿಲ್ಲ ಅಂತ ರೇಗ್ತಿದ್ರು."

ಮಾದಮ್ಮ ಗಹಗಹಿಸಿ ನಕ್ಕಳು. ಎಲೆಯ ರಸವನ್ನು ಜೀಪಿನಾಚೆ ಉಗಿದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು.

"ಪನಮರಂಲಿ ನಮ್ ನೆಂಟ ನಿಂಗಯ್ಯನ ಮಗಳ ಮದ್ವೆ ಅದಲ್ಲ, ಅಲ್ಲೂ ಹಾಡ್ತೀನಿ ಕಣ್ಲಾ. ಹಾರ್ನ ಅವನ ತೋಟದ ಕಡೀಕೇ ತಿರುಗ್ಸಿ ಕಟ್ಟು. ಅವನು ಸಾಯೋಗಂಟ ಕೇಳ್ತಾ ಇರ್ಬೇಕು."

"ಕೇಳ್ತಾರೆ ಬುಡವ್ವಾ" ಎಂದ ಚೆಲುವರಾಜು.